ತಾಂಬಡ ಖಿಂಡಿಯ ನಾಲ್ಕನೆಯ ಗಾಜು

"ಇಲ್ಲಿ ಸಹಿ ಮಾಡ್ರಿ, ಲಗಮಣ್ಣ." ಫೌಜದಾರ ಗುರುಸಿದ್ದ ಜಬಾಬಿನ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟ. "ನಿಮ್ಮ ಒಂದು ಸಹಿ ಬಿತ್ತಂದ್ರ ಮಾಯಪ್ಪ ನಾಳೆ ಕೊಲ್ಹಾಪುರದ ಜೇಲಿಗೆ."

ಲಗಮಣ್ಣ ಪೆನ್ನು ಹಿಡಿದ. ಕೈ ಕಾಗದದ ತನಕ ಹೋಗಿ ನಿಂತಿತು.

ಡೇರೆಯ ತಾಡಪತ್ರಿಯ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಹೊರಗೆ ರಸ್ತೆ ಇರಬೇಕಾದ ಕಡೆ ಕೆಂಪು ಮಣ್ಣಿನ ದಿನ್ನೆ. ಹನ್ನೆರಡು ದಿನಗಳ ಹಿಂದೆ, ಶುಕ್ರವಾರ ಮಧ್ಯಾಹ್ನ, ಗಡಹಿಂಗ್ಲಜದಿಂದ ಕೊಂಕಣಕ್ಕೆ ಇಳಿಯುವ ಈ ಘಾಟಿನಲ್ಲಿ ತಾಂಬಡ ಖಿಂಡಿಯ ಗುಡ್ಡ ಕುಸಿದು, ಬೆಲ್ಲದ ದಲಾಲ ಅಣ್ಣಾಸಾಹೇಬ ಜೀಪಿನ ಸಮೇತ ಹುಗಿದು ಸತ್ತಿದ್ದ.

ಅದಕ್ಕೂ ಒಂದು ವಾರ ಮೊದಲು ಮಾಯಪ್ಪ ತುಂಬಿದ ಸಂತೆಯಲ್ಲಿ ಅಣ್ಣಾಸಾಹೇಬನ ಮುಖಕ್ಕೆ ಬೆರಳು ಮಾಡಿ, "ಘಾಟದಾಗ ಸಿಗು, ನಿನ್ನ ಮ್ಯಾಲೆ ಗುಡ್ಡಾನ ಕೆಡವತೇನಿ," ಎಂದು ಕೂಗಿದ್ದ. ರಸ್ತೆ ಅಗಲ ಮಾಡುವ ಕೆಲಸದಲ್ಲಿ ಬಂಡೆಗೆ ಮದ್ದು ತುಂಬಿ ಹಾರಿಸುವವನು ಅವನೊಬ್ಬನೇ.

ಆದರೂ ಬರೀ ಬಾಯಿಮಾತಿಗೆ ಕೊಲೆಯ ಆರೋಪ ನಿಲ್ಲುವುದಿಲ್ಲ. ನಿಲ್ಲಿಸಿದ್ದು ಲಗಮಣ್ಣನ ದಪ್ತರ.

ಲಗಮಣ್ಣ ಆ ರಸ್ತೆಯ ಮೈಲಕೂಲಿ. ಎರಡು ಮೈಲಿಯ ಗುಂಡಿ, ಗಟಾರ, ಗೋಡೆಗಳನ್ನು ನೋಡಿಕೊಳ್ಳುವುದು ಅವನ ನೌಕರಿ. ಗುಡ್ಡ ಬಿರುಕು ಬಿಟ್ಟ ನಾಲ್ಕು ಕಡೆ ಗೋಡೆಗೆ ಅಡ್ಡಲಾಗಿ ಒಂದೊಂದು ಗೇಣಿನ ಗಾಜಿನ ಪಟ್ಟಿ ಕೂರಿಸಿ, ಎರಡೂ ತುದಿಗೆ ಅವನೇ ಸಿಮೆಂಟು ಮೆತ್ತಿದ್ದ. ಗುಡ್ಡ ಒಂದು ಕೂದಲೆಳೆಯಷ್ಟು ಜರುಗಿದರೂ ಗಾಜು ಪಟ್ಟನೆ ಒಡೆಯಬೇಕು. ಒಡೆದರೆ ರಸ್ತೆ ಬಂದ್. ಪ್ರತಿ ಗುರುವಾರ ಹತ್ತಿ ನೋಡಿ ಬಂದು ದಪ್ತರದಲ್ಲಿ ಬರೆಯುವುದು ಲಗಮಣ್ಣನ ಕೆಲಸ.

ಎಂಟನೆಯ ಜುಲೈ ಗುರುವಾರದ ಎದುರು ಅವನ ಗುಂಡು ಅಕ್ಷರದಲ್ಲಿ ಬರೆದಿತ್ತು: ನಾಲ್ಕೂ ಗಾಜು ಸಾಬೂತ, ಒಂದೂ ಒಡೆದಿಲ್ಲ.

"ಗುರುವಾರ ಗಟ್ಟಿ ಇದ್ದ ಗುಡ್ಡ ಶುಕ್ರವಾರ ತಾನಾಗೇ ಬೀಳತೈತೇನ್ರಿ?" ಗುರುಸಿದ್ದ ದಪ್ತರವನ್ನು ಮೆಚ್ಚುಗೆಯಿಂದ ತಟ್ಟಿದ. "ಯಾರೋ ಬೀಳಸ್ಯಾರ. ಹನ್ನೊಂದು ವರ್ಷದ ನೌಕರ್ಯಾಗ ಇಷ್ಟು ನೀಟಾದ ದಪ್ತರ ನಾ ನೋಡಿಲ್ಲ. ಒಂದು ಗುರುವಾರ ತಪ್ಪಿಲ್ಲ! ನಿಮ್ಮಂಥವರು ಹತ್ತು ಮಂದಿ ಇದ್ರ ಪೊಲೀಸರಿಗೆ ಕೆಲಸಾನ ಇರೂದಿಲ್ಲ."

ಲಗಮಣ್ಣನ ಎರಡೂ ಕಿವಿ ಬಿಸಿಯಾದವು. ಪೆನ್ನಿನ ಮೊನೆ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. 

"ಸಾಹೇಬ್ರ, ಮ್ಯಾಲೆ ಮಣ್ಣು ಜಾರಿದ ಸಪ್ಪಳ ಆತ್ರಿ. ನೋಡಿ ಬರತೇನಿ."

ಪೆನ್ನು ಅಲ್ಲೇ ಇಟ್ಟು ಅವನು ಹೊರಗೆ ಓಡಿದ.

ಯಾವ ಸಪ್ಪಳವೂ ಆಗಿರಲಿಲ್ಲ. ಕುಸಿತದ ಬುಡದಲ್ಲಿ ಮೂವತ್ತು ನಲವತ್ತು ಜನ ಮಣ್ಣು ತೆಗೆಯುತ್ತಿದ್ದರು. ಗಂಡಸರು ತಂತಿಯ ಜಾಳಿಯಲ್ಲಿ ಕಲ್ಲು ತುಂಬಿ ಹೊಸ ಗೋಡೆ ಏರಿಸುತ್ತಿದ್ದರು. ಹೆಂಗಸರು ಬುಟ್ಟಿ ಹೊರುತ್ತಿದ್ದರು. ಗುಡ್ಡದ ಮೇಲೆ ಕಣ್ಣಿಟ್ಟು, ಹರಳು ಉರುಳಿದರೂ ಸೀಟಿ ಊದಿ ಎಲ್ಲರನ್ನೂ ಎಚ್ಚರಿಸುವುದು ಈಗ ಲಗಮಣ್ಣನ ಪಾಳಿ.

ಡೇರೆಯ ಬಾಗಿಲಿಗೆ ಫೌಜದಾರ ಬಂದು ನಿಂತಿದ್ದ. ನೋಡುತ್ತಿದ್ದ.

ಲಗಮಣ್ಣ ಸೀಟಿ ಬಾಯಿಗಿಟ್ಟು ಊದಿಬಿಟ್ಟ.

"ಬಾಜೂ ವ್ಹಾ! ಬಾಜೂ ವ್ಹಾ!" ಪಕ್ಕಕ್ಕೆ ಸರಿಯಿರೆಂದು ಯಾರೋ ಮರಾಠಿಯಲ್ಲಿ ಕಿರುಚಿದರು. ಬುಟ್ಟಿಗಳು ಬಿದ್ದವು. ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಒಬ್ಬ ಹೆಂಗಸು ಕೆಸರಿನಲ್ಲಿ ಜಾರಿ ಮೊಣಕಾಲೂರಿ, ಎದ್ದು, ಮತ್ತೆ ಓಡಿದಳು.

ಗುಡ್ಡ ಸುಮ್ಮನೆ ನಿಂತಿತ್ತು. ಒಂದು ಹರಳೂ ಉರುಳಲಿಲ್ಲ.

ಸಹಿ ತಪ್ಪಿಸಿಕೊಳ್ಳಲು ನಲವತ್ತು ಜನರನ್ನು ಓಡಿಸಿದೆನಲ್ಲ ಎಂದು ಲಗಮಣ್ಣನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಜಾರಿ ಬಿದ್ದ ಹೆಂಗಸು ಕುಂಟುತ್ತ ಅವನ ಕಡೆಗೇ ಬರುತ್ತಿದ್ದಳು. ಯಾರೆಂದು ಕಂಡಾಗ ಅವನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ನಾಗೂಬಾಯಿ. ಮಾಯಪ್ಪನ ಹೆಂಡತಿ.

"ಚಲೋ ಆತ್ರಿ ಅಣ್ಣಾ, ಸೀಟಿ ಊದಿದ್ರಿ," ಎಂದಳು. ಮೊಣಕಾಲಿನಿಂದ ರಕ್ತ ಇಳಿದು ಕೆಸರಿನಲ್ಲಿ ಬೆರೆಯುತ್ತಿತ್ತು. "ನೀವು ಇದ್ದೀರಂತ ನಾವು ಧೈರ್ಯಲೆ ಕೆಲಸ ಮಾಡತೇವಿ."

"ನೋವಾತೇನ್ ತಂಗಿ?"

"ಇದೇನ್ ನೋವು ಬಿಡ್ರಿ." ಅವಳು ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಂಡಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. "ನಿಮ್ಮನ್ನ ಒಂದು ಮಾತು ಕೇಳಬೇಕಂತ ಹನ್ನೆರಡು ದಿನಾ ಆತು ಕಾದೇನಿ. ಕೇಳಲ್ರಿ?"

ಲಗಮಣ್ಣ ತಲೆಯಾಡಿಸಿದ. ಬಯ್ಯಲಿ, ಮಣ್ಣು ತೂರಲಿ ಎಂದುಕೊಂಡ. ಬೈದರೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತೇನೋ.

"ಗುರುವಾರ ಗುಡ್ಡಾ ಗಟ್ಟಿ ಇತ್ತರಿ?"

ಅವನು ತಲೆ ತಗ್ಗಿಸಿದ. ಅವಳು ಅದನ್ನೇ ಹೌದೆಂದು ತಿಳಿದಳು.

"ಹದಿನಾರು ವರ್ಷ ಅಂವನ ಕೂಡ ಬಾಳೇ ಮಾಡೇನ್ರಿ. ಕುರಿ ಕೊಯ್ಯೂದು ನೋಡಾಕ ಆಗದ ಎದ್ದು ಹೋಗಾಂವ. ಬಂಡೆಗಲ್ಲಿಗೆ ಮದ್ದು ಹಚ್ಚೂ ಮೊದಲ ಸುತ್ತೂ ತಿರುಗಿ ನಾಯಿ ಐತೇನು, ದನಾ ಐತೇನು ಅಂತ ನೋಡಾಂವ. ಅಂವ ಮಾಡಿಲ್ಲಂತ ಪೊಲೀಸ್ರ ಕಾಲ ಹಿಡದು ಹೇಳೇನಿ." ಅವಳ ದನಿ ಇಳಿಯಿತು. "ಆದ್ರ ನೀವು ಸುಳ್ಳು ಬರಿಯೂ ಮನಷ್ಯಾ ಅಲ್ಲ. ನೀವು ಸಾಬೂತ ಅಂದ್ರ ಸಾಬೂತ. ಹಂಗಾದ್ರ ಅಂವನ ಮಾಡಿರಬೇಕಲ್ರಿ? ಮೊನ್ನೆಯಿಂದ ನನಗೂ ಅಂವನ ಮ್ಯಾಲೆ ಸಂಶೇ ಬಂದೈತಿ. ಬುತ್ತಿ ಕಟಗೊಂಡು ಠಾಣೆಕ್ಕ ಹೋಗೂದು ಬಿಟ್ಟೇನಿ."

ಇಷ್ಟು ಹೇಳಿ ಅವಳು ಬಿದ್ದ ಬುಟ್ಟಿ ಹುಡುಕಿಕೊಂಡು ಹೋದಳು.

 ಲಗಮಣ್ಣನ ದಪ್ತರದ ಒಂದು ಸಾಲು ಗಂಡನನ್ನು ಲಾಕಪ್ಪಿಗೆ ಹಾಕಿದ್ದು ಹೋಗಲಿ, ಹೆಂಡತಿಯ ಮನಸ್ಸಿನಿಂದಲೂ ಅವನನ್ನು ಹೊರಹಾಕಿತ್ತು. ಠಾಣೆಯ ಕತ್ತಲೆಯಲ್ಲಿ ಕೂತ ಮಾಯಪ್ಪ, ಮೂರು ದಿನದಿಂದ ಬುತ್ತಿ ಯಾಕೆ ಬರಲಿಲ್ಲವೆಂದು ಬಾಗಿಲ ಕಡೆ ನೋಡುತ್ತ ಕೂತಿರಬೇಕು.

ಅವನು ಡೇರೆಗೆ ಹಿಂದಿರುಗಿದ. ಪೆನ್ನು ಎತ್ತಲಿಲ್ಲ.

"ಆ ಗುರುವಾರ ನಾ ಗುಡ್ಡಾ ಹತ್ತಿಲ್ರಿ."

ಗುರುಸಿದ್ದ ಬೀಡಾ ಅಗಿಯುತ್ತಿದ್ದವನು ನಿಲ್ಲಿಸಿದ. "ಏನಂದ್ರಿ?"

"ಹತ್ತಿಲ್ರಿ. ಗಾಜು ನೋಡಿಲ್ಲ."

"ಮತ್ತ ದಪ್ತರದಾಗ ಬರದದ್ದು?"

"ಶುಕ್ರವಾರ ಮುಂಜಾನೆ ಬರದದ್ರಿ. ಮನ್ಯಾಗ ಕುಂತು. ಚಹಾ ಕುಡಕೋತ."

ಮಳೆಯ ಸಪ್ಪಳ ಒಮ್ಮೆಲೇ ಹೆಚ್ಚಾದಂತೆ ಕೇಳಿತು. ಫೌಜದಾರ ದಪ್ತರ ತನ್ನ ಕಡೆ ಎಳೆದುಕೊಂಡು ಆ ಸಾಲಿನ ಮೇಲೆ ಕಣ್ಣಾಡಿಸಿದ. ಮೇಲಿನ ಸಾಲು, ಅದರ ಮೇಲಿನ ಸಾಲು, ಎಲ್ಲವೂ ಒಂದೇ ನಮೂನೆ.

"ಇದೊಂದ ಸಲಾನೋ?"

"ಹೌದ್ರಿ." ಲಗಮಣ್ಣ ನೆಲ ನೋಡಿದ. "ಇಲ್ರಿ. ಹ್ವಾದ ವರ್ಷ ಎರಡು ಸಲ ಹಿಂಗ ಮಾಡೇನಿ."

"ಎಲ್ಲಿಗೆ ಹೋಗಿದ್ದಿ?"

'ರೀ' ಹೋಗಿತ್ತು. ತನಗಿಂತ ಹತ್ತು ವರ್ಷ ಚಿಕ್ಕವನ ಬಾಯಲ್ಲಿ ಆ 'ಹೋಗಿದ್ದಿ' ಕೇಳಿ ಲಗಮಣ್ಣನಿಗೆ ಸಿಟ್ಟು ಬರಲಿಲ್ಲ. ಇದು ಸರಿಯಾದ ಲೆಕ್ಕ ಎನಿಸಿತು.

"ಇಚಲಕರಂಜಿಗ್ರಿ. ಅಲ್ಲಿ ಶಹಾಪುರ ಪೇಟ್ಯಾಗ ಮಗಳು ಸಾವಿತ್ರಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಕಾರ್ಖಾನ್ಯಾಗ ಮಗ್ಗಾ ರಿಪೇರಿ ಮಾಡೂ ಜಾಬರ್ ಅದಾನ. ಮೊದಲನೇ ಎಸ್.ಟಿ. ಬಸ್ಸಿಗೆ ಹೋಗಿ ಕಡೇ ಎಸ್.ಟಿ.ಗೆ ಬಂದೆ."

"ರಜಾ ಹಾಕಬೇಕಿತ್ತು."

"ಮಳಗಾಲದಾಗ ರಜಾ ಕೊಡೂದಿಲ್ರಿ. ಆ ಮಂದಿ ಅದೇ ದಿನಾ ಬಾ ಅಂದಿದ್ರು."

"ಯಾರ ಮನಿ? ಅವರನ್ನ ಕರಿಸಿ ಕೇಳತೇನಿ. ಎಂಟನೇ ತಾರೀಖಿಗೆ ಮೈಲಕೂಲಿ ಲಗಮಣ್ಣ ನಿಮ್ಮ ಮನಿಗೆ ಬಂದಿದ್ದನೇನು ಅಂತ."

"ಹುಡುಗನ ಅಪ್ಪ ನಾಮದೇವ ಅಂತ್ರಿ." ಲಗಮಣ್ಣ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದ. "ಆದ್ರ ಹಂಗ ಕೇಳಬ್ಯಾಡ್ರಿ ಸಾಹೇಬ್ರ."

"ಯಾಕ?"

"ಅವರಿಗೆ ನಾ ಓವರ್ಸಿಯರ್ ಅಂತ ಹೇಳೇನಿ."

ಬಾಗಿಲಲ್ಲಿ ನಿಂತಿದ್ದ ಪೊಲೀಸ ಕಿಸಕ್ಕನೆ ನಕ್ಕ. ಗುರುಸಿದ್ದ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಅವನು ಲಗಮಣ್ಣನ ಖಾಕಿ ಅಂಗಿ, ಮಣ್ಣು ಮೆತ್ತಿದ ಮೊಣಕಾಲು, ಕೊರಳಿಗೆ ದಾರದಿಂದ ಕಟ್ಟಿಕೊಂಡ ಸೀಟಿ, ಎಲ್ಲವನ್ನೂ ಒಂದೊಂದಾಗಿ ನೋಡಿದ. ಶಹಾಪುರದ ಮನೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು, 'ನನ್ನ ಕೈ ಕೆಳಗೆ ಅರವತ್ತು ಆಳು' ಎಂದು ಹೇಳುತ್ತ ಕೂತಿದ್ದ ತನ್ನ ಚಿತ್ರ ಲಗಮಣ್ಣನ ಕಣ್ಣಿಗೆ ಕಟ್ಟಿತು. ಆ ಹೊತ್ತಿಗೆ ಇಲ್ಲಿ ಗುಡ್ಡ ಏನು ಮಾಡುತ್ತಿತ್ತೋ.

"ನಿನ್ನ ಮಾತು ಹೆಂಗ ನಂಬಲಿ?" ಎಂದ ಫೌಜದಾರ. "ಇಷ್ಟು ದಿನಾ ಬಾಯಿ ಮುಚ್ಚಿದಾಂವ ಆ ಹೆಂಗಸು ಬಂದು ಮಾತಾಡಿದ ಮ್ಯಾಲೆ ಬಾಯಿ ಬಿಡಾಕತ್ತೀದಿ. ಆಕೀ ಮಂದಿ ನಿನಗ ಬೆದರಿಸ್ಯಾರೋ, ಕರುಣಾ ಬಂತೋ, ನಾ ಏನ್ ತಿಳಕೊಳ್ಳಲಿ?"

"ಮೂರು ಗಾಜು ಮಣ್ಣಾಗ ಹ್ವಾದುವ್ರಿ. ನಾಕನೇದು ಮ್ಯಾಲೆ ಹಳೇ ಜಕಾತಿ ಚೌಕಿ ಒಳಗೋಡಿ ಮ್ಯಾಲೆ ಐತಿ. ಚೌಕಿ ಬಿದ್ದಿಲ್ಲ. ನೋಡೂಣು ಬರ್ರಿ."

"ಗುಡ್ಡ ಬಿದ್ದ ಹೊಡತಕ್ಕ ಅದೂ ಒಡದಿರತೈತಿ. ಅದರಿಂದ ಏನ್ ಗೊತ್ತಾಗತೈತಿ?"

"ಒಡಕಿನ ಅಂಚು ನೋಡಿದ್ರ ಗೊತ್ತಾಗತೈತ್ರಿ. ಮೊದಲ ಒಡದಿದ್ರ ಅಂಚಿನ ಮ್ಯಾಲೆ ಧೂಳಾ, ಜೇಡರಬಲಿ ಎಲ್ಲಾ ಕುಂತಿರತೈತಿ. ಆ ಶುಕ್ರವಾರ ಒಡದಿದ್ರ ಸ್ವಚ್ಛ ಇರತೈತಿ. ಹದಿನಾಕು ವರ್ಷ ಇದನ್ನ ನೋಡೇನ್ರಿ." ಹದಿನಾಲ್ಕು ವರ್ಷ ಎನ್ನುವಾಗ ಅವನ ನಾಲಗೆ ತಡವರಿಸಿತು.

ಕುಸಿತದಲ್ಲಿ ಚೌಕಿಯ ಹಾದಿ ಕೊಚ್ಚಿಹೋಗಿತ್ತು. ಗುಡ್ಡದ ನೆತ್ತಿಯಲ್ಲಿ ನೀರು ತಿರುಗಿಸುವ ಗಟಾರ ತೋಡಲೆಂದು ಆಳುಗಳು ನಿನ್ನೆಯಷ್ಟೇ ಮೆಟ್ಟಿಲು ಕಡಿದು ಹಗ್ಗ ಇಳಿಬಿಟ್ಟಿದ್ದರು. ಇಬ್ಬರೂ ಆ ಹಗ್ಗ ಹಿಡಿದು ಹತ್ತಿದರು. ಫೌಜದಾರ ಎರಡು ಸಲ ಜಾರಿದ. ಎರಡು ಸಲವೂ ಲಗಮಣ್ಣ ಕೈ ಚಾಚಿದ. ಎರಡನೆಯ ಸಲ ಫೌಜದಾರ ಆ ಕೈ ಹಿಡಿಯದೆ ಹಗ್ಗವನ್ನೇ ಹಿಡಿದು ಎದ್ದ.

ಚೌಕಿ ಎಂದರೆ ಈಗ ಮೂರು ಗೋಡೆ, ಅರ್ಧ ಹೆಂಚು. ಅದರ ಅಂಗಳದಿಂದ ನಾಲ್ಕು ಹೆಜ್ಜೆ ಆಚೆ ಗುಡ್ಡವೇ ಇರಲಿಲ್ಲ. ಒಳಗೆ ಮಾತ್ರ ನೆಲ ಒಣಗಿತ್ತು. ಹಿಂಗೋಡೆಯ ಮೇಲೆ ಮಾಡಿನಿಂದ ನೆಲದ ತನಕ ಬಿರುಕು, ಎದೆಮಟ್ಟದಲ್ಲಿ ಅದಕ್ಕೆ ಅಡ್ಡಲಾಗಿ ಗಾಜು.

ಲಗಮಣ್ಣ ಹತ್ತಿರ ಹೋಗಿ ಅಂಗೈಯಿಂದ ಅದನ್ನು ಮುಟ್ಟಿದ. 

ಗಾಜು ಸಾಬೂತಾಗಿತ್ತು.

"ಒಡದಿಲ್ಲ," ಎಂದ ಗುರುಸಿದ್ದ ತಣ್ಣಗೆ. "ಅಂದ್ರ ದಪ್ತರ ಖರೇ, ನಿನ್ನ ಬಾಯಿ ಸುಳ್ಳು. ಎಷ್ಟು ಮಂದೀನ ಕುಣಿಸಬೇಕಂತ ಮಾಡೀದಿ ಮಾರಾಯಾ?"

 ಲಗಮಣ್ಣನ ಬೆರಳು ಗಾಜಿನ ತುದಿಯ ಸಿಮೆಂಟಿನ ಮೇಲೆ ಓಡಾಡುತ್ತಿತ್ತು. ತಾನು ಮೆತ್ತಿದ ಸಿಮೆಂಟನ್ನು ತಾನೇ ಕರ್ನಿಯಿಂದ ಸವರಿ ನುಣುಪು ಮಾಡಿದ್ದ. ಇದು ಕೈಯಿಂದ ಅದುಮಿದ್ದು. ಬೆರಳಿನ ಗುರುತುಗಳಿದ್ದವು.

"ಇದು ನಾ ಕೂಡಿಸಿದ ಗಾಜಲ್ರಿ."

"ಏನು?"

"ನಾ ಕೂಡಿಸಿದ್ದು ಜೂನ್ ಹದಿನೇಳಕ್ಕ. ಕೂಡಿಸಿದ ತಾರೀಖು ಗಾಜಿನ ಮ್ಯಾಲೆ ಕೆಂಪು ಬಣ್ಣದಾಗ ಬರದಿರತೇನಿ. ಇಲ್ಲಿ ನೋಡ್ರಿ."

ಫೌಜದಾರ ಬ್ಯಾಟರಿ ಬೆಳಕು ಬಿಟ್ಟ. ಗಾಜಿನ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದದ್ದು ಎಂಟನೆಯ ತಾರೀಖು, ಏಳನೆಯ ತಿಂಗಳು, ಎಪ್ಪತ್ತಾರನೆಯ ಇಸವಿ.

ಅದೇ ಗುರುವಾರ.

ಈಗ ಗುರುಸಿದ್ದನ ನಡವಳಿಕೆಯೇ ಬದಲಾಯಿತು. ಅವನು ಮಂಡಿಯೂರಿ ನೆಲವನ್ನು ಗೇಣು ಗೇಣು ನೋಡಿದ. ಮೂಲೆಯಲ್ಲಿ ಒಡೆದ ಹೆಂಚುಗಳ ರಾಶಿ ಇತ್ತು. ಅದನ್ನು ಸರಿಸಿದಾಗ ಅಡಿಯಲ್ಲಿ ಗಾಜಿನ ಎರಡು ತುಂಡು ಸಿಕ್ಕವು. ಜೋಡಿಸಿದರೆ ಒಂದು ಗೇಣು. ಒಂದರ ಮೇಲೆ ಲಗಮಣ್ಣನ ಕೈಬರಹ: ಹದಿನೇಳು, ಆರು, ಎಪ್ಪತ್ತಾರು.

"ತಿಳೀತಿಲ್ಲೋ?" ಫೌಜದಾರ ಎದ್ದು ನಿಂತ. ದನಿ ಕೆಳಗಿಳಿಸಿದ. "ಗುರುವಾರಕ್ಕ ಗಾಜು ಒಡದಿತ್ತು. ಗುಡ್ಡ ಜರಗಾಕತ್ತಿತ್ತು. ಅದನ್ನ ಕಣ್ಣಾರೆ ಕಂಡವರು ಯಾರೋ ಹಳೇ ಗಾಜು ಮುಚ್ಚಿಟ್ಟು, ಹೊಸಾದು ಕೂಡಿಸಿ, ಸುಮ್ನ ಕೆಳಗ ಇಳದು ಹೋಗ್ಯಾರ. ರಸ್ತಾ ಬಂದ್ ಆಗಬಾರದಂತ. ಸಿಮೆಂಟು ಇನ್ನೂ ಹಸೀ ಇತ್ತು, ಅದಕ್ಕ ಗುಡ್ಡ ಬಿದ್ದಾಗ ಇದು ಒಡದಿಲ್ಲ."

"ಹಂಗಾದ್ರ ಮಾಯಪ್ಪ…"

"ಮಾಯಪ್ಪ ಮದ್ದು ಹಾಕಿಲ್ಲ ಅನ್ನೂದು ಇನ್ನೂ ಖಾತ್ರಿ ಆಗಿಲ್ಲ. ಈ ಗಾಜು ಯಾರ ಕೈದು ಅಂತ ಗೊತ್ತಾತಂದ್ರ ಅಂವ ನಾಳೆನ ಮನಿಗೆ ಹೋಗತಾನ. ಗೊತ್ತಾಗಲಿಲ್ಲಂದ್ರ, ಇದೂ ಅಂವನ ಕೈವಾಡ ಅಂತ ಬರಿಯೂದು ನಮ್ಮ ಸಾಹೇಬರಿಗೆ ಭಾಳ ಹಗರ. ಈ ಎಮರ್ಜನ್ಸ್ಯಾಗ ಒಳಗ ಹ್ವಾದವರು ಹೊರಗ ಬರೂದು ಎಷ್ಟು ಕಷ್ಟಂತ ನಿನಗ ಗೊತ್ತೈತೆಲ್ಲ."

ಅವನು ಮತ್ತೆ ಬ್ಯಾಟರಿ ಹಿಡಿದು ಗಾಜಿಗೆ ಮೂಗು ತಾಗುವಷ್ಟು ಬಾಗಿದ. ಬಹಳ ಹೊತ್ತು ಬಾಗಿಯೇ ಇದ್ದ.

"ಲಗಮಣ್ಣ, ಈ ಎಂಟು ನೋಡು."

ಲಗಮಣ್ಣ ನೋಡಿದ.

"ಏಳು ಸರಿ ಐತಿ, ಆರು ಸರಿ ಐತಿ. ಹಳೇ ಗಾಜು ಮುಂದಿಟಗೊಂಡು ನೋಡಿ ನೋಡಿ ತಿದ್ದ್ಯಾರ. ಆದ್ರ ಹಳೇ ಗಾಜಿನ ಮ್ಯಾಲೆ ಎಂಟು ಇರಲಿಲ್ಲ. ಅದಕ್ಕ ತಮಗ ಬರೂ ಎಂಟು ಬರದಾರ. ಇದು ಮರಾಠಿ ಎಂಟಲ್ಲ. ನಿಪ್ಪಾಣ್ಯಾಗ ಬಸ್ಸಿನ ಮ್ಯಾಲೆ ಹಿಂಗ ಇರತೈತಿ."

ಅದು ಕನ್ನಡದ ೮.

"ನಾನೂ ಮನ್ಯಾಗ ಕನ್ನಡಾ ಮಾತಾಡಾಂವ," ಎಂದ ಗುರುಸಿದ್ದ, "ಆದ್ರ ಸಾಲಿ ಕಲತದ್ದು ಮರಾಠಿ. ನೀನೂ ಹಂಗ. ಈ ಘಾಟದಾಗ ಎಲ್ಲಾರೂ ಹಂಗ. ಗಡಿ ಆಚೆ ಕನ್ನಡ ಸಾಲ್ಯಾಗ ಕಲತವರು ಇಲ್ಲಿ ಯಾರದಾರ?"

ಲಗಮಣ್ಣನಿಗೆ ಆ ಅಂಕಿ ಓದಬೇಕಾಗಿರಲಿಲ್ಲ. ಕೊನೆಯ ಗೆರೆಯನ್ನು ಮೇಲಕ್ಕೆಳೆದು ಒಳಗೆ ಸಣ್ಣಗೆ ಸುತ್ತುವ ಆ ಎಂಟನ್ನು ಅವನು ಇಪ್ಪತ್ತೆರಡು ವರ್ಷದಿಂದ ನೋಡುತ್ತ ಬಂದಿದ್ದ. ಅವನ ಹೆಂಡತಿ ತಾರವ್ವನ ತವರು ಸಂಕೇಶ್ವರ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಅಣ್ಣನಿಗೆ ಕಾರ್ಡು ಬರೆಯುವಾಗ ತಾರೀಖಿನ ಎಂಟನ್ನು ಹೀಗೆಯೇ ಸುತ್ತುತ್ತಿದ್ದಳು. ಬದಲಿ ಗಾಜು, ಸಿಮೆಂಟು, ಕೆಂಪು ಬಣ್ಣದ ಡಬ್ಬಿ ಇರುತ್ತಿದ್ದುದೂ ಅವನ ಮನೆಯ ಮೂಲೆಯಲ್ಲೇ.

ಹನ್ನೆರಡು ದಿನದಿಂದ ತಾರವ್ವ ಸರಿಯಾಗಿ ಉಂಡಿರಲಿಲ್ಲ. ನಾಗೂಬಾಯಿಯ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಮಗಳ ಸಂಬಂಧದ ಚಿಂತೆ ಎಂದು ಅವನು ತಿಳಿದಿದ್ದ. ಗಂಡ ಊರಲ್ಲಿಲ್ಲದ ದಿನ ಗಂಡನ ಕೆಲಸ ತಪ್ಪಬಾರದೆಂದು ಅವಳೇ ಹತ್ತಿದ್ದಳೆ? ಹತ್ತಿದವಳು, ಒಡೆದ ಗಾಜನ್ನು ಕಂಡವಳು, ಒಂದು ಮಾತು ಹೇಳಲಿಲ್ಲವೇಕೆ? ಗಾಜು ಒಡೆದದ್ದು ತಿಳಿಸಿದರೆ ಗಂಡ ಊರಲ್ಲಿಲ್ಲದ್ದೂ ಹೊರಬಿದ್ದು ನೌಕರಿ ಹೋಗುತ್ತದೆಂದು ಹೆದರಿದಳೆ? ಇಲ್ಲ, ಬೇರೆ ಯಾರಾದರೂ ಅವಳಿಗೆ ಹಾಗೆ ಮಾಡೆಂದು ಹೇಳಿದರೋ?

ಒಂದು ಗಳಿಗೆಯ ಹಿಂದೆ ನಿಜ ಹೇಳಿ ಹಗುರಾಗಿದ್ದ ಎದೆಯ ಮೇಲೆ ಈಗ ಇಡೀ ಗುಡ್ಡ ಬಂದು ಕೂತಿತು.

"ನಿನ್ನನ್ನ ಕೇಳಾಕತ್ತೇನಿ."

"ಗೊತ್ತಿಲ್ರಿ," ಎಂದ ಲಗಮಣ್ಣ. "ಬಣ್ಣ ಸೋರಿ ಹಂಗ ಕಾಣತಿರಬೇಕು."

ಗುರುಸಿದ್ದ ಅವನನ್ನು ನೋಡಿದ. ಜೇಬಿನ ಪುಸ್ತಕ ತೆಗೆದು ಆ ಎಂಟನ್ನು ಇದ್ದ ಹಾಗೆಯೇ ಬರೆದುಕೊಂಡ. ಗಾಜಿನ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿದ. ಗೋಡೆಯ ಆಚೆ, ಬಹಳ ಕೆಳಗೆ, ಹೆಂಗಸರ ಸಾಲು ಬುಟ್ಟಿ ಹೊತ್ತು ನಡೆದಿತ್ತು. ಸಾಲಿನ ಕೊನೆಗೆ ಒಬ್ಬಳು ಕುಂಟುತ್ತಿದ್ದಳು.

"ನಾಳೆ ಮುಂಜಾನೆ ನಿನ್ನ ಮನಿಗೆ ಬರತೇನಿ," ಎಂದ ಫೌಜದಾರ. "ಗುರುವಾರ ನೀ ಊರಾಗ ಇರಲಿಲ್ಲ ಅಂತ ನಿನ್ನ ಹೆಂಡತಿ ಜಬಾಬು ಕೊಡಬೇಕು. ಆಕಿದೂ 'ಓದಿದೆ, ಸರಿ ಐತಿ' ಅಂತ ಆಕೀ ಕೈಲೆ ಒಂದು ಸಾಲು, ಆ ಗುರುವಾರದ ತಾರೀಖು ಅಂಕ್ಯಾಗ, ಸಹಿ ಬೇಕಾಗತೈತಿ. ಬರ್ಯಾಕ ಬರತೈತೋ, ಹೆಬ್ಬೆಟ್ಟೋ?"

ಲಗಮಣ್ಣ ಕೆಳಗೆ ಕುಂಟುತ್ತಿದ್ದವಳಿಂದ ಕಣ್ಣು ತೆಗೆಯಲಿಲ್ಲ.

"ಹೆಬ್ಬೆಟ್ಟರಿ," ಎಂದ. "ಆಕಿಗೆ ಒಂದಕ್ಷರಾನೂ ಬರೂದಿಲ್ಲ."

ಗುರುಸಿದ್ದ ಅದನ್ನೂ ಬರೆದುಕೊಂಡ.